500 ಕಾರ್ಡ್ ಕೊಡ್ತೇನೆ ಅಂತಾರೆ, ಒಂದು ಕಾರ್ಡ್ ಬಿಟ್ಟುಕೊಡಬಹುದಾ?

ಕಲ್ಸಂಕ_ಜೆರಾಕ್ಸ್:
ಎಲ್ಲರಿಗೂ ನಮಸ್ಕಾರ. ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಜೆರಾಕ್ಸ್, ಲ್ಯಾಮಿನೇಶನ್ ಅಂಗಡಿ. ಬೇಸ್‌ಬಾಲ್ ಆಟ ನನಗೆ ಇವತ್ತಿಗೂ ತಲೆಗೆ ಹೋಗಿಲ್ಲ. ಆದರೆ ಆಟಗಾರರ ಚಿತ್ರ ಇರುವ ಬೇಸ್‌ಬಾಲ್ ಕಾರ್ಡ್ ಮಾತ್ರ ಮುನ್ನೂರು ಚಿಲ್ಲರೆ ಉಂಟು.

ಅಮ್ಮನ ಅಣ್ಣ, ನನ್ನ ಮಾವ, ಹಡಗಿನಲ್ಲಿ ಅಡುಗೆಯವರಾಗಿದ್ದರು. 1989ರಲ್ಲಿ ಹಡಗು ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಿಂತಾಗ ಮಕ್ಕಳಿಗೆ ಅಂತ ಟಾಪ್ಸ್ ಕಂಪೆನಿಯ, ಕಾರ್ಡ್ ಜೊತೆ ಗಮ್ ಇರುವ ಪ್ಯಾಕೆಟ್ ತಂದರು. ಗಮ್ ಹಪ್ಪಳದ ಹಾಗೆ ಚಟಕ್ ಅಂತ ಮುರಿಯುತ್ತಿತ್ತು, ಎರಡು ನಿಮಿಷಕ್ಕೆ ಸಪ್ಪೆ. ಜೊತೆಗೆ ಅಪ್ಪರ್ ಡೆಕ್ ಅಂತ ಹೊಳೆಯುವ ಪ್ಯಾಕೆಟ್ ಕೆಲವು ಇತ್ತು. ಅದರಲ್ಲಿ ಗಮ್ ಇಲ್ಲ, ಬರೀ ಕಾರ್ಡ್. ನಾನೂ ತಂಗಿಯೂ ಅತ್ತು ರಂಪ ಮಾಡಿದ್ದೆವು. ಈಗ ನೋಡಿದರೆ ಎಲ್ಲರೂ ಕೇಳುವುದು ಅದನ್ನೇ.

ಅದರಲ್ಲಿ ನಂಬರ್ 1 ಕಾರ್ಡ್, ಕೆನ್ ಗ್ರಿಫಿ ಜೂನಿಯರ್ ಎಂಬ ಆಟಗಾರನದು, ನನ್ನಲ್ಲಿ ಉಂಟು. ಅಮೆರಿಕದ ಓಹಾಯೋದ ಒಬ್ಬರು ಇದೊಂದಕ್ಕೆ 500 ಕಾರ್ಡ್ ಕೊಡ್ತೇನೆ ಅಂತಾರೆ. ಎಲ್ಲ 1988ರಿಂದ 91ರವು. ನಾನು ಹೊಸಬ ಆದ್ದರಿಂದ ಮೊದಲು ನಾನೇ ಕಳಿಸಬೇಕಂತೆ. ಕಳೆದ ವರ್ಷ ಹೀಗೇ ನಂಬಿ ಒಬ್ಬನಿಗೆ ಐಪಿಎಲ್‌ನ ಕ್ರಿಕೆಟ್ ಅಟ್ಯಾಕ್ಸ್ ಎಂಬ ಸರಣಿಯ ಹನ್ನೆರಡು ಕಾರ್ಡ್ ಕಳಿಸಿದ್ದೆ. ಪುಣ್ಯಾತ್ಮ ಕಾರ್ಡ್ ಕೈಗೆ ಸಿಕ್ಕಿದ ದಿನವೇ ನನ್ನನ್ನು ಬ್ಲಾಕ್ ಮಾಡಿದ.

ಇನ್ನೊಂದು ವಿಷಯ, ನಗಬೇಡಿ. ಬಿಲ್ ರಿಪ್ಕನ್ ಎಂಬ ಆಟಗಾರನ 1989ರ ಫ್ಲೀರ್ ಕಂಪೆನಿಯ ಕಾರ್ಡನ್ನು ಹಾಳಾಗದಿರಲಿ ಅಂತ ಲ್ಯಾಮಿನೇಟ್ ಮಾಡಿಬಿಟ್ಟೆ. ಬ್ಯಾಟಿನ ಹಿಡಿಯ ತುದಿಯಲ್ಲಿ ಒಂದು ಕಪ್ಪು ಚೌಕ ಉಂಟು. ಮುದ್ರಣದ ದೋಷವಾ?

ಹಂಪನಕಟ್ಟೆ_ನಾಣ್ಯ:
ಮಾರಾಯ್ರೆ, ಲ್ಯಾಮಿನೇಟ್! ಹಾಗೆ ಮಾಡಿದರೆ ಕಾರ್ಡಿನ ಬೆಲೆ ಹೋಯಿತು ಅಂತಲೇ ಲೆಕ್ಕ. ನಾನು ಮುಖ್ಯವಾಗಿ ನಾಣ್ಯ ಸಂಗ್ರಹಿಸುವವ. ಆದರೂ ಓದಿ ಎದೆ ಧಸಕ್ಕೆಂದಿತು.

ಬಚಾವಾದಿರಿ ಬಿಡಿ. ಆ ಕಾರ್ಡಿನ ಕತೆ ಹೀಗೆ: ಬ್ಯಾಟಿನ ತುದಿಯಲ್ಲಿ ಒಂದು ಅಶ್ಲೀಲ ಬೈಗುಳ ಬರೆದಿತ್ತು. ಕಂಪೆನಿಯವರು ನೋಡದೆ ಹಾಗೆಯೇ ಅಚ್ಚು ಹಾಕಿದರು. ಗೊತ್ತಾದ ಮೇಲೆ ಒಮ್ಮೆ ಬಿಳಿ ಬಳಿದರು, ಒಮ್ಮೆ ಗೀಚಿದರು, ಕೊನೆಗೆ ಕಪ್ಪು ಚೌಕ ಇಟ್ಟರು. ಬಿಳಿ ಬಳಿದದ್ದು ಅಪರೂಪ. ಕಪ್ಪು ಚೌಕದ್ದು ಬೇಕಾದಷ್ಟು ಸಿಗುತ್ತದೆ. ನಿಮಗೆ ನಷ್ಟ ಆದದ್ದು ಹೆಚ್ಚೆಂದರೆ ಒಂದು ಗೋಳಿಬಜೆ ಪ್ಲೇಟಿನಷ್ಟು.

ಆದರೆ ಆ 500 ಕಾರ್ಡಿನ ವ್ಯವಹಾರ ಬೇಡವೇ ಬೇಡ. ಆ ವರ್ಷಗಳಲ್ಲಿ ಎಲ್ಲರೂ ಮುಂದೆ ಬೆಲೆ ಬರುತ್ತದೆ ಅಂತ ಕೂಡಿಟ್ಟರು, ಕಂಪೆನಿಗಳು ಮಿತಿಯಿಲ್ಲದೆ ಅಚ್ಚು ಹಾಕಿದವು. ಅಮೆರಿಕದವರೇ ಆ ಕಾಲವನ್ನು ಜಂಕ್ ವ್ಯಾಕ್ಸ್ ಅಂತ ಕರೆಯುತ್ತಾರೆ; ಜಂಕ್ ಅಂದರೆ ಕಸ, ವ್ಯಾಕ್ಸ್ ಅಂದರೆ ಪ್ಯಾಕೆಟ್ಟಿನ ಮೇಣದ ಕಾಗದ. 1952ರ ಟಾಪ್ಸ್ ಕತೆ ಇದಕ್ಕೆ ಉಲ್ಟಾ. ಮಾರಾಟವಾಗದೆ ಗೋದಾಮಿನಲ್ಲಿ ಉಳಿದದ್ದನ್ನು 1960ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಅದೇ ಸರಣಿಯ, ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ನಿಮ್ಮ ಓಹಾಯೋದವರ 500ನ್ನು ಯಾರೂ ಸಮುದ್ರಕ್ಕೆ ಹಾಕಿಲ್ಲ, ಅದೇ ತೊಂದರೆ.

ಗ್ರಿಫಿಯೂ ಆ ಕಾಲದ್ದೇ, ಜಾಸ್ತಿಯೇ ಅಚ್ಚಾಗಿದೆ. ಆದರೆ ಅದು ಆತನ ಮೊದಲ ವರ್ಷದ ಕಾರ್ಡ್, ಕೇಳುವವರು ಯಾವಾಗಲೂ ಇದ್ದಾರೆ. ಇ-ಬೇಯಲ್ಲಿ ಹೇಳಿದ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ.

ಮಣಿಪಾಲ_ಮಳೆ:
ಅಣ್ಣಾ, ಬೆಲೆಗಿಂತ ಮೊದಲು ಕಾರ್ಡಿನ ಸ್ಥಿತಿ ನೋಡಿ. ನಾಲ್ಕು ಮೂಲೆ ಚೂಪಾಗಿವೆಯಾ? ಚಿತ್ರದ ಸುತ್ತಲಿನ ಬಿಳಿ ಅಂಚು ಎಡಕ್ಕೂ ಬಲಕ್ಕೂ ಒಂದೇ ಅಗಲ ಉಂಟಾ? ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ಗೀರು ಕಾಣುತ್ತದಾ? ಕಾರ್ಡಿನ ಸ್ಥಿತಿ ಪರೀಕ್ಷಿಸುವ ಪಿಎಸ್ಎ ಕಂಪೆನಿಯವರು 10ರವರೆಗೆ ಅಂಕ ಕೊಡುತ್ತಾರೆ. 10 ಬಂದ ಗ್ರಿಫಿಗೂ 8 ಬಂದದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ.

ನಮ್ಮ ಊರಿನ ಹವೆ ಈ ಹೊಳಪಿನ ಕಾರ್ಡುಗಳಿಗೆ ಶತ್ರು. ನನ್ನ 1991ರ ಸ್ಟೇಡಿಯಂ ಕ್ಲಬ್ ಸರಣಿಯ ಕಾರ್ಡುಗಳು ಒಂದು ಮಳೆಗಾಲದಲ್ಲಿ ಅಂಟಿ ಇಟ್ಟಿಗೆ ಆದವು. ಚೂರಿ ಹಾಕಿ ಎಬ್ಬಿಸಲು ಹೋದೆ, ಒಬ್ಬನ ಮುಖ ಇನ್ನೊಬ್ಬನ ಬೆನ್ನಿಗೆ ಬಂತು. ಈಗ ಒಂದೊಂದಕ್ಕೂ ತೆಳು ಪ್ಲಾಸ್ಟಿಕ್ ಕವರ್, ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆ, ನಂತರ ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬ.

ಮೊದಲು ಕಳಿಸುವುದರ ಬಗ್ಗೆ: ಹೊಸಬರು ಮೊದಲು ಕಳಿಸುವುದು ಕಾರ್ಡ್ ಅದಲುಬದಲಿಯಲ್ಲಿ ರೂಢಿ, ಅದರಲ್ಲಿ ಅನುಮಾನ ಪಡುವಂಥದ್ದಿಲ್ಲ. ಆದರೆ ಮೊದಲ ವ್ಯವಹಾರಕ್ಕೇ ಗ್ರಿಫಿ ಯಾಕೆ? ಹತ್ತು ಸಾಮಾನ್ಯ ಕಾರ್ಡಿನಿಂದ ಶುರು ಮಾಡಿ. ಅವರ ಕಾರ್ಡಿನ ಪಕ್ಕ ಇವತ್ತಿನ ತಾರೀಕು ಬರೆದ ಚೀಟಿ ಇಟ್ಟು ಫೋಟೋ ಕೇಳಿ, ಹಿಂದೆ ಮುಂದೆ ಎರಡೂ.

ಬಂದರು_ಪೋಸ್ಟ್:
ಸಣ್ಣ ಮೊತ್ತದ ಪಾರ್ಸೆಲ್ಲಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್‌ನಲ್ಲಿ ತೆಗೆದಿದೆ. ಅಂಚೆ ಕಚೇರಿಯಲ್ಲಿ ಮೊದಲು ಕೇಳಿ, ಆಮೇಲೆ ಪ್ಯಾಕ್ ಮಾಡಿ. ಅಲ್ಲಿಂದ ಬರುವಾಗ ಗಿಫ್ಟ್ ಅಂತ ಬರೆಸಿದರೂ ಪ್ರಯೋಜನವಿಲ್ಲ, 2019ರ ಕೊನೆಯಿಂದ ಆ ದಾರಿಯೂ ಬಂದ್. ಟೇಪ್ ಕಾರ್ಡಿನ ಕವರಿಗೆ ತಾಗದ ಹಾಗೆ ನೋಡಿಕೊಳ್ಳಿ. ಎರಡೂ ಬದಿಗೆ ಹಳೆ ಮದುವೆ ಕಾಗದದ ರಟ್ಟು ಇಡಿ, ಚೆನ್ನಾಗಿ ಹಿಡಿಯುತ್ತದೆ.

ಕಲ್ಸಂಕ_ಜೆರಾಕ್ಸ್:
ಎಲ್ಲರಿಗೂ ಥ್ಯಾಂಕ್ಸ್. ಗ್ರಿಫಿಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ಮೇಲಿನ ಎಡ ಮೂಲೆ ಸ್ವಲ್ಪ ಬೆಳ್ಳಗಾಗಿದೆ. ಅದು ತಂಗಿಯ ಕೆಲಸ, ಪುಸ್ತಕಕ್ಕೆ ಗುರುತಾಗಿ ಇಟ್ಟುಕೊಂಡಿದ್ದಳು.

ಓಹಾಯೋದವರಿಗೆ ತಾರೀಕಿನ ಚೀಟಿ ಇಟ್ಟು ಫೋಟೋ ಕಳಿಸಿ ಅಂದೆ. ಮೂರು ದಿನವಾಯಿತು, ಪತ್ತೆಯಿಲ್ಲ. ಆದರೆ ಬಾಲ್ಟಿಮೋರಿನವರೇ ಒಬ್ಬರು ಲ್ಯಾಮಿನೇಟ್ ಆದ ರಿಪ್ಕನ್ ಫೋಟೋ ನೋಡಿ, ಇಂಥದ್ದು ಎಲ್ಲೂ ಕಂಡಿಲ್ಲ, ಅದೇ ಬೇಕು ಅಂತ ಹಟ ಹಿಡಿದಿದ್ದಾರೆ. ಬದಲಿಗೆ ಮರದ ಅಂಚಿನ 1987ರ ಟಾಪ್ಸ್ ಹತ್ತು ಕಾರ್ಡ್ ಕೊಡ್ತಾರಂತೆ. ಹೂಂ ಅಂದಿದ್ದೇನೆ. ಅದಕ್ಕೆ ಟಾಪ್‌ಲೋಡರ್ ಬೇಕಾಗುವುದಿಲ್ಲ ಅಲ್ವಾ?