ಮಗನ ಮೂಗಿನ ರಕ್ತಸ್ರಾವಕ್ಕೆ ಸುಡುವ ಚಿಕಿತ್ಸೆ ಮಾಡಿಸಬಹುದೇ?

ಪ್ರಶ್ನೆ: ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟಿದಂದಿನಿಂದ ನನ್ನ ಒಂಬತ್ತು ವರ್ಷದ ಮಗನ ಬಲ ಹೊಳ್ಳೆಯಿಂದ ವಾರಕ್ಕೆರಡು ಬಾರಿ ರಕ್ತ ಸೋರುತ್ತಿದ್ದು, ಬೆಳಿಗ್ಗೆ ದಿಂಬಿನ ಮೇಲೆ ಕಂದು ಕಲೆ ಕಂಡರೆ ಹೆತ್ತ ಕರುಳು ಚುರ್ರೆನ್ನುತ್ತದೆ. ವೈದ್ಯರು ರಕ್ತನಾಳವನ್ನು ಸುಡಬೇಕೆಂದಿದ್ದಾರೆ. ಬಹಳ ನೋವಾಗುವುದೇ?

ಉತ್ತರ 1: ಅಕ್ಕಾ, ಇಲ್ಲಿ ಬೆಂಕಿಯ ಮಾತಿಲ್ಲ. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಣೆದುಕೊಂಡಿರುವ ಜಾಗಕ್ಕೆ ಮೊದಲು ಮರಗಟ್ಟಿಸುವ ಔಷಧ ಹಚ್ಚಿ, ಬಳಿಕ ರಕ್ತನಾಳವನ್ನು ಸುಟ್ಟು ಮುಚ್ಚುವ ಸಿಲ್ವರ್ ನೈಟ್ರೇಟ್ ಎಂಬ ರಾಸಾಯನಿಕ ಲೇಪಿಸಿದ ಕಡ್ಡಿಯನ್ನು ಕೆಲವೇ ಸೆಕೆಂಡು ತಾಗಿಸುತ್ತಾರೆ. ತುಸು ಉರಿಯಾಗಿ ಸೀನು ಬರಬಹುದು. ಎರಡೂ ಬದಿಯನ್ನು ಒಂದೇ ದಿನ ಸುಡಿಸಿದರೆ ನಡುಗೋಡೆಗೆ ರಂಧ್ರವಾಗುವ ಅಪಾಯವಿರುವುದರಿಂದ ಹಾಗೆ ಮಾಡಿಸಬೇಡಿ.

ಉತ್ತರ 2: ನನ್ನ ಮಗಳಿಗೆ ಮಾಡಿಸಿದಾಗ ಆ ಜಾಗ ಬೆಳ್ಳಗಾಗಿ, ಆಮೇಲೆ ಹಕ್ಕಳೆಗಟ್ಟಿತು, ಅದನ್ನು ಕೀಳದಂತೆ ಕಾಯುವುದೇ ನಮಗೆ ದೊಡ್ಡ ಕೆಲಸವಾಯಿತು. ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಬಾಗಿಸದೆ, ಮುಂದಕ್ಕೆ ಬಾಗಿಸಿ, ಮೂಗಿನ ಮೃದು ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ.