ಅಡುಗೆ ಕೋರ್ಸಿಗೆ ಒಂದೂವರೆ ಲಕ್ಷ ಕಟ್ಟಬೇಕಾ?

ಕಳೆದ ವಾರದ ಪತ್ರ: ಮಗಳು ಎಸ್ಸೆಸ್ಸೆಲ್ಸಿ ಪಾಸು, ಪಿಯುಸಿ ಫೇಲು. ಹೋಟೆಲ್ ಅಡುಗೆ ಕಲಿಯುತ್ತೇನೆ ಅಂತ ಹಟ. ಖಾಸಗಿ ಸಂಸ್ಥೆಯೊಂದು ವರ್ಷಕ್ಕೆ ಒಂದೂವರೆ ಲಕ್ಷ ಕೇಳುತ್ತಿದೆ, ಕೆಲಸ ಗ್ಯಾರಂಟಿ ಅನ್ನುತ್ತಿದೆ. ನಮ್ಮ ಯಜಮಾನರಿಗೆ ಸುತಾರಾಂ ಇಷ್ಟವಿಲ್ಲ. ಏನು ಮಾಡಲಿ? – ಒಬ್ಬ ತಾಯಿ, ದಾವಣಗೆರೆ

ಅಕ್ಕಾ, ದುಡ್ಡು ಕಟ್ಟುವ ಮೊದಲು ಸ್ವಲ್ಪ ತಡೆಯಿರಿ. ಆ ಗ್ಯಾರಂಟಿ ಕೆಲಸ ಯಾವುದು ಅಂತ ಕೇಳಿದಿರಾ? ಟ್ರೇನಿ, ಇಲ್ಲವೇ ಕಾಮಿ 3 (commis, ಅಂದರೆ ಕಿಚನ್‌ನ ಕೆಳಗಿನ ಮೆಟ್ಟಿಲಿನ ಸಹಾಯಕ ಅಡುಗೆಯವರು). ದೊಡ್ಡ ಹೋಟೆಲ್ ಕಿಚನ್‌ನಲ್ಲಿ ಎಲ್ಲರೂ ಶುರು ಮಾಡುವುದೇ ಅಲ್ಲಿಂದ, ಆಮೇಲೆ ಕಾಮಿ 2, ಕಾಮಿ 1, ಡೆಮಿ, ಆಮೇಲೆ ಸಿಡಿಪಿ (ಕಿಚನ್‌ನ ಒಂದು ವಿಭಾಗ ನೋಡಿಕೊಳ್ಳುವ ಚೆಫ್) ಅಂತ ಮೇಲೆ ಹೋಗಬೇಕು. ಲಕ್ಷ ಕೊಟ್ಟು ಕಲಿತವರೂ ಐಟಿಐನಿಂದ ಬಂದವರೂ ನಮ್ಮಲ್ಲಿ ಒಂದೇ ಮೂಟೆಯ ಈರುಳ್ಳಿ ಸುಲಿಯುತ್ತಾರೆ! ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲೇ ಫುಡ್ ಪ್ರೊಡಕ್ಷನ್ ಅಂತ ಒಂದು ವರ್ಷದ ಟ್ರೇಡ್ ಇದೆ, ಬೇಕರಿ ಕಡೆ ಮನಸ್ಸಿದ್ದರೆ ಬೇಕರ್ ಅಂಡ್ ಕನ್ಫೆಕ್ಷನರ್ ಕೂಡ ಇದೆ, ಆದರೆ ಎಲ್ಲ ಐಟಿಐಗಳಲ್ಲೂ ಇರುವುದಿಲ್ಲ, ವಿಚಾರಿಸಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 'ಹುನರ್ ಸೇ ರೋಜ್‌ಗಾರ್ ತಕ್' ಅಂತ ಇನ್ನೊಂದು ತರಬೇತಿ ಯೋಜನೆ ಇದೆ. 2009ರಲ್ಲಿ ಶುರುವಾಗಿದ್ದು, ಎಂಟನೇ ಕ್ಲಾಸ್ ಓದಿದವರಿಗೂ ಅಂತಲೇ ಮಾಡಿದ್ದು, ಫೀಸ್ ಇಲ್ಲ. ಈಗ ಬ್ಯಾಚ್ ಇದೆಯಾ ಅಂತ ಬೆಂಗಳೂರಿನ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಕೇಳಿ.

ಇಷ್ಟಾದರೂ ಆ ಖಾಸಗಿ ಕಡೆಗೇ ಸೇರಿಸುವುದಾದರೆ ಪ್ರಾಕ್ಟಿಕಲ್ ನಡೆಯುವಾಗ ಹೋಗಿ ನೋಡಿ. ಒಂದು ಒಲೆಗೆ ಎಷ್ಟು ಮಕ್ಕಳು? ಚೆಫ್ ಮಾಡಿ ತೋರಿಸುತ್ತಾ, ಮಕ್ಕಳು ಮೊಬೈಲಲ್ಲಿ ವಿಡಿಯೊ ತೆಗೆಯುತ್ತಾ ನಿಂತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಸಾಮಾನು, ಯೂನಿಫಾರಂ, ಚಾಕು ಸೆಟ್ ಫೀಸಿನಲ್ಲೇ ಸೇರಿದೆಯಾ ಅಂತಲೂ ಕೇಳಿ.
– ಹೋಟೆಲ್ ಉದ್ಯೋಗಿ, ಬೆಂಗಳೂರು

ಕೋರ್ಸ್ ಯಾಕೆ ಬೇಕು ಅಂತ ನನಗೆ ಅರ್ಥವಾಗುತ್ತಿಲ್ಲ. ಮದುವೆ ಅಡುಗೆ ಮಾಡಿಸುವವನು ನಾನು. ಮನೆಯಲ್ಲಿ ನಾಲ್ಕು ಜನಕ್ಕೆ ಸೊಗಸಾಗಿ ಸಾರು ಮಾಡುವವರು ಇನ್ನೂರು ಜನಕ್ಕೆ ಅಂದ ಕೂಡಲೇ ಉಪ್ಪಿಗೇ ತಡಕಾಡುತ್ತಾರೆ. ಎಲ್ಲವನ್ನೂ ಐವತ್ತರಿಂದ ಗುಣಿಸಿದರೆ ಆಗುವುದಿಲ್ಲ ಮಾರಾಯ್ರೆ, ದೊಡ್ಡ ಕೊಪ್ಪರಿಗೆಯಲ್ಲಿ ನೀರು ಆ ಲೆಕ್ಕದಲ್ಲಿ ಆವಿಯಾಗುವುದಿಲ್ಲ, ಮೆಣಸಿನ ಖಾರವೂ ಬೇರೆ ಥರ ಏರುತ್ತದೆ. ಇದು ಕೆಲಸದಲ್ಲೇ ಬರಬೇಕು. ಒಂದು ಸೀಸನ್ ಯಾರಾದರೂ ಭಟ್ಟರ ಜೊತೆ ನಿಲ್ಲಲಿ.
– ಕೇಟರಿಂಗ್‌ನವರು, ಕುಂದಾಪುರ

ಮೇಲಿನ ಸಾರ್ ಹೇಳಿದ್ದು ಗಂಡು ಹುಡುಗರಿಗೆ ಸರಿ. ಹೆಣ್ಣು ಹುಡುಗಿಯನ್ನು ಯಾವ ಭಟ್ಟರು ಜೊತೆಗೆ ನಿಲ್ಲಿಸಿಕೊಳ್ಳುತ್ತಾರೆ, ಹೇಳಿ ನೋಡೋಣ? ಅದಕ್ಕೇ ಸರ್ಟಿಫಿಕೇಟ್ ಬೇಕು. ನನ್ನ ಮಗಳೂ ಈ ಲೈನಿನಲ್ಲೇ ಇದ್ದಾಳೆ. ನಿಮ್ಮ ಯಜಮಾನರ ಚಿಂತೆ ಸುಮ್ನೆ ಅಲ್ಲ, ಸಂಜೆ ಶಿಫ್ಟ್ ಮುಗಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ, ದಸರಾ ದೀಪಾವಳಿಗೆ ರಜೆ ಕೇಳುವ ಹಾಗೇ ಇಲ್ಲ, ಬಿಸಿ ಟ್ರೇ ತಗುಲಿ ಕೈ ಮೇಲೆ ಸುಟ್ಟ ಗೆರೆಗಳು. ಆದರೆ ಅಡುಗೆ ಕೆಲಸ ಅಂದರೆ ಸ್ಟಾರ್ ಹೋಟೆಲ್ ಒಂದೇ ಅಲ್ಲ. ಆಸ್ಪತ್ರೆ ಕಿಚನ್, ಫ್ಯಾಕ್ಟರಿ ಕ್ಯಾಂಟೀನ್, ಬೇಕರಿ ಎಲ್ಲ ಇವೆ, ಹಲವು ಕಡೆ ಹಗಲು ಶಿಫ್ಟ್ ಸಿಗುತ್ತದೆ. ಹೋಟೆಲ್ಲೇ ಬೇಕು ಅಂದರೆ ರಾತ್ರಿ ಮನೆಗೆ ಬಿಡಲು ಗಾಡಿ ಇದೆಯಾ ಅಂತ ಇಂಟರ್‌ವ್ಯೂನಲ್ಲೇ ಕೇಳಲಿ, ನಾಚಿಕೆ ಬೇಡ.
– ಗೃಹಿಣಿ, ಮೈಸೂರು

ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ ಫೋಸ್ಟ್ಯಾಕ್ ಅನ್ನುವ ಆಹಾರ ಸುರಕ್ಷತಾ ತರಬೇತಿ ಒಂದೇ ದಿನದಲ್ಲಿ ಮುಗಿಯುತ್ತದೆ. ಆಹಾರ ಮುಟ್ಟುವ ಪ್ರತಿ 25 ಜನರಿಗೆ ತರಬೇತಿ ಆದ ಒಬ್ಬ ಮೇಲ್ವಿಚಾರಕರು ಇರಬೇಕು ಅಂತ ಲೆಕ್ಕ ಇಟ್ಟಿದ್ದಾರೆ, ಹಾಗಾಗಿ ಆ ಕಾಗದಕ್ಕೆ ಸಣ್ಣ ಹೋಟೆಲ್‌ಗಳಲ್ಲೂ ಬೆಲೆ ಇದೆ.
– ಓದುಗರು, ಹುಬ್ಬಳ್ಳಿ

ಎಲ್ಲರೂ ಪಿಯುಸಿ ಮರೆತೇಬಿಟ್ಟಿರಿ ಅಲ್ವಾ? ಮುಂದೆ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಮಾಡಬೇಕು ಅನ್ನಿಸಿದರೆ ಅದು ಬೇಕೇ ಬೇಕು. ಕೆಲಸ ಕಲಿಯುತ್ತಲೇ ಬಾಕಿ ಇರುವ ಸಬ್ಜೆಕ್ಟ್ ಕಟ್ಟಲಿ. ಫೀಸೂ ಜಾಸ್ತಿ ಏನಿಲ್ಲ.
– ನಿವೃತ್ತ ಮೇಷ್ಟ್ರು, ಶಿವಮೊಗ್ಗ