ಪದಚರ್ಚೆ: ‘ಹಾಲೋ ಪಾಯಿಂಟ್’ ಗುಂಡಿಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ತಮ್ಮ ಆತ್ಮರಕ್ಷಣೆಗೆಂದು .380 ಎಸಿಪಿ ಅಳತೆಯ ಪುಟ್ಟ ಪಿಸ್ತೂಲೊಂದನ್ನು ಇಟ್ಟುಕೊಂಡಿದ್ದಾನೆ. ಅಂಥ ಪಿಸ್ತೂಲಿಗೆ ಎಂಥ ಗುಂಡನ್ನು ಆರಿಸಿಕೊಳ್ಳಬೇಕೆಂದು ಅಲ್ಲಿನ ಕನ್ನಡಿಗರಿಗಾಗಿ ಅವನು ಬರೆದ ಲೇಖನವನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಲ್ಲಿ ಒಂದು ಪದ ತಪ್ಪಿದರೂ ಓದುವವರು ಅಪಾಯಕ್ಕೆ ಸಿಕ್ಕುವ ಸಂಭವವಿರುವುದರಿಂದ ನಿಮ್ಮ ಸಲಹೆಯನ್ನು ಬೇಡುತ್ತಿದ್ದೇನೆ.

ಮೊದಲ ತೊಡಕು ‘ಗುಂಡು’ ಎಂಬ ಪದದ್ದೇ. ಪೊಲೀಸರು ಸಜೀವ ಗುಂಡುಗಳನ್ನು ವಶಪಡಿಸಿಕೊಂಡರೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ಸಿಕ್ಕಿದ್ದು ಬರಿಯ ಗುಂಡಲ್ಲ, ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇಷ್ಟೂ ಸೇರಿದ ವಸ್ತು. ಮಲೆನಾಡಿನ ನಮ್ಮ ಮನೆಯಲ್ಲಿ ಇಂಥದ್ದನ್ನು ತೋಟೆ ಎನ್ನುತ್ತಿದ್ದರು. ಬೆಳೆ ಕಾಯಲು ಪರವಾನಗಿ ಪಡೆದಿದ್ದ ಕೋವಿಯನ್ನು ಹೆಗಲಿಗೇರಿಸುವ ಮುನ್ನ ಅಜ್ಜ ಕೆಂಪು ತೋಟೆಗಳನ್ನು ಲಾಟೀನಿನ ಬೆಳಕಿಗೆ ಹಿಡಿದು ನೋಡಿ, ಚರೆಯ ತೋಟೆಗಳನ್ನು ಎಡ ಜೇಬಿಗೂ ಗುಂಡಿನ ತೋಟೆಗಳನ್ನು ಬಲ ಜೇಬಿಗೂ ಹಾಕಿಕೊಳ್ಳುತ್ತಿದ್ದರು. ‘ತೋಟೆ ತಾ’ ಎನ್ನುತ್ತಿದ್ದರೇ ಹೊರತು ‘ಗುಂಡು ತಾ’ ಎಂದದ್ದನ್ನು ನಾನು ಕೇಳಿಲ್ಲ. ಉತ್ತರ ಕರ್ನಾಟಕದವರು ಕಾಡತೂಸು ಎಂದರೂ ಸರಿಯೇ. ಇಡಿಯ ವಸ್ತುವಿಗೆ ಒಂದು ಪದ, ನಳಿಗೆಯಿಂದ ಹಾರಿಹೋಗುವ ಭಾಗಕ್ಕೆ ಇನ್ನೊಂದು ಪದ ಇರಲೇಬೇಕು. ಈ ಭೇದವಿಲ್ಲದೆ ತಮ್ಮನ ಕರಡಿನಲ್ಲಿ ‘95 ಗ್ರೇನ್ ಮದ್ದು’ ಎಂದಾಗಿಬಿಟ್ಟಿತ್ತು. ಗ್ರೇನ್ ಲೆಕ್ಕದಲ್ಲಿ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಗುಂಡಿನ ತೂಕ, ಮದ್ದಿನದಲ್ಲ. ಒಂದು ತೊಲಕ್ಕೆ 180 ಗ್ರೇನ್ ಆದ್ದರಿಂದ ಈ ಗುಂಡು ಅರ್ಧ ತೊಲಕ್ಕಿಂತ ತುಸು ಹೆಚ್ಚು, ಸುಮಾರು 6.2 ಗ್ರಾಂ ತೂಗುತ್ತದೆ. ಚಿನ್ನ ಕೊಂಡವರಿಗೆ ಇದು ಕೂಡಲೇ ಅಂದಾಜಿಗೆ ಸಿಗುತ್ತದೆ.

ನನ್ನ ಮುಖ್ಯ ಪ್ರಶ್ನೆ ಹಾಲೋ ಪಾಯಿಂಟ್ ಕುರಿತದ್ದು. ‘ಟೊಳ್ಳು ಗುಂಡು’ ಎಂದರೆ ಗುಂಡು ಪೂರ್ತಿ ಪೊಳ್ಳೆಂಬ ಅರ್ಥ ಬರುತ್ತದೆ. ನಿಜದಲ್ಲಿ ಅದರ ಮೂತಿಯಲ್ಲಿ ಮಾತ್ರ ಒಂದು ಕುಳಿಯಿರುತ್ತದೆ. ದೇಹವನ್ನು ಹೊಕ್ಕಾಗ ಆ ಕುಳಿಯಲ್ಲಿ ತುಂಬಿಕೊಳ್ಳುವ ಅಂಗಾಂಶದ ಒತ್ತಡಕ್ಕೆ ಮೂತಿಯ ಅಂಚು ಹೊರಕ್ಕೆ ಮಡಚಿಕೊಂಡು ಗುಂಡಿನ ಅಗಲ ಹೆಚ್ಚುತ್ತದೆ. ಆದುದರಿಂದ ‘ಕುಳಿಮೂತಿ ಗುಂಡು’ ಎಂದು ಬರೆದಿದ್ದೇನೆ. ‘ಡಮ್‌ಡಮ್ ಗುಂಡು’ ಎನ್ನಬಹುದಲ್ಲ ಎಂದು ಹಿರಿಯರೊಬ್ಬರು ಕೇಳಿದರು. ಕೋಲ್ಕತ್ತದ ಬಳಿಯ ಡಮ್‌ಡಮ್ ಕಾರ್ಖಾನೆಯಿಂದ ಹೆಸರು ಪಡೆದ ಆ ಗುಂಡಿನ ತುದಿಯಲ್ಲಿ ಇದ್ದದ್ದು ಕುಳಿಯಲ್ಲ, ಕವಚವಿಲ್ಲದ ಮೆತ್ತನೆಯ ಸೀಸ. ಅಲ್ಲದೆ, ದೇಹದೊಳಗೆ ಸುಲಭವಾಗಿ ಅಗಲವಾಗುವ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿದ 1899ರ ಹೇಗ್ ಘೋಷಣೆಯ ನೆನಪೂ ಆ ಹೆಸರಿಗೆ ಅಂಟಿಕೊಂಡಿದೆ. ಪೊಲೀಸರೂ ನಾಗರಿಕರೂ ಬಳಸುವ ಗುಂಡಿಗೆ ಆ ಘೋಷಣೆ ಅನ್ವಯಿಸುವುದಿಲ್ಲ. ಆಯಾ ನಾಡಿನ ಕಾನೂನು ಅನ್ವಯಿಸುತ್ತದೆ.

ಇನ್ನು ಕ್ರಿಯಾಪದ. ‘ಅರಳುತ್ತದೆ’ ಎಂಬುದು ನೋಟಕ್ಕೆ ತೀರ ಹತ್ತಿರ, ಏಕೆಂದರೆ ಗುಂಡಿನ ಪರೀಕ್ಷೆಗೆ ಮಾಂಸದ ಬದಲಾಗಿ ಬಳಸುವ ಲೋಳೆಗಟ್ಟಿಯಾದ ಜೆಲಟಿನ್ನಿನಿಂದ ಹೊರತೆಗೆದ ಗುಂಡು ಎಸಳು ಬಿಚ್ಚಿದಂತೆಯೇ ಕಾಣುತ್ತದೆ. ಆದರೂ ಮನುಷ್ಯನ ಮೈಗೆ ಗಾಯಮಾಡುವ ವಸ್ತುವಿಗೆ ಹೂವಿನ ಮಾತನ್ನು ಹೊಂದಿಸಲು ನನಗೆ ಮನಸ್ಸು ಬರುತ್ತಿಲ್ಲ. ‘ಹಿಗ್ಗುತ್ತದೆ’ ಎಂಬುದರಲ್ಲಿ ಸಂತೋಷದ ಅರ್ಥ ನುಸುಳುತ್ತದೆ. ‘ಸಿಡಿಯುತ್ತದೆ’ ಎಂಬುದು ತಪ್ಪೇ, ಗುಂಡು ಚೂರಾಗುವುದು ಬೇರೆ ಸಂಗತಿ. ಸದ್ಯಕ್ಕೆ ‘ಮೂತಿ ಬಿರಿಯುತ್ತದೆ’ ಎಂದಿಟ್ಟಿದ್ದೇನೆ.

ಗುಂಡಿನ ಆಯ್ಕೆಯ ತಿರುಳೇ ಇಲ್ಲಿದೆ. ಸಣ್ಣ ಪಿಸ್ತೂಲಿನ ನಳಿಗೆ ಗಿಡ್ಡವಾದ್ದರಿಂದ ಗುಂಡಿನ ವೇಗ ಕಡಿಮೆ. ಕುಳಿಯಲ್ಲಿ ಬಟ್ಟೆಯ ಎಳೆ ತುಂಬಿಕೊಂಡರೆ ಮೂತಿ ಬಿರಿಯದೆ ಅದು, ಮೂತಿಯನ್ನೂ ಲೋಹದ ಹೊದಿಕೆ ಮುಚ್ಚಿರುವ ಪೂರ್ಣ ಕವಚದ ಗುಂಡಿನಂತೆಯೇ ಸಾಗುತ್ತದೆ, ಬೇಗ ಬಿರಿದರೆ ಸಾಕಷ್ಟು ಆಳಕ್ಕೆ ಇಳಿಯುವುದಿಲ್ಲ. ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐ, ತನ್ನ ಅಧಿಕಾರಿಗಳಿಗೂ ದರೋಡೆಕೋರರಿಗೂ 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದ ತರುವಾಯ ರೂಪಿಸಿದ ಪರೀಕ್ಷೆಯಲ್ಲಿ 10% ಜೆಲಟಿನ್ನಿನೊಳಗೆ ಗುಂಡು ಕನಿಷ್ಠ 12 ಅಂಗುಲ ಇಳಿಯಬೇಕು, 18ನ್ನು ಮೀರಬಾರದು. ಮೀರಿದರೆ ಆಚೆ ಬದಿಯಲ್ಲಿರುವ ನಿರಪರಾಧಿಗೆ ತಗಲೀತು. ಇದನ್ನು ‘ಅತಿಭೇದನ’ ಎಂದು ತಮ್ಮ ಬರೆದಿದ್ದ. ಕನ್ನಡದಲ್ಲಿ ‘ನಾಟು’, ‘ತೂರಿಹೋಗು’ ಎಂಬ ಎರಡು ಮಾತುಗಳಿರುವಾಗ ಅದರ ಅಗತ್ಯ ನನಗೆ ಕಾಣಲಿಲ್ಲ: ಒಳಗೇ ನಿಂತರೆ ನಾಟಿತು, ಆಚೆಗೆ ಹೊರಟರೆ ತೂರಿಹೋಯಿತು. ‘ನಾಟುವ ಆಳ’ ಎಂದರೆ ಅಳತೆಯ ಮಾತೂ ಆಗುತ್ತದೆ.

ಕೊನೆಯದಾಗಿ, ಪಿಸ್ತೂಲನ್ನು ‘ಬಚ್ಚಿಟ್ಟುಕೊಂಡು’ ಓಡಾಡುವುದೆಂದರೆ ಕಳ್ಳತನದ ಧ್ವನಿ ಬರುತ್ತದೆಂದು ‘ಉಡುಪಿನ ಮರೆಯಲ್ಲಿ ಧರಿಸುವುದು’ ಎಂದು ತಿದ್ದಿದ್ದೇನೆ. ‘ಕುಳಿಮೂತಿ’, ‘ಬಿರಿ’ ಇವೆರಡರ ಬಗ್ಗೆ ನಿಮ್ಮ ಆಕ್ಷೇಪಣೆಗಳಿದ್ದರೆ ದಯವಿಟ್ಟು ತಿಳಿಸಿ. ಕೊಡಗು, ಮಲೆನಾಡಿನ ಕಡೆ ಕೋವಿ ಬಳಸಿ ಬಲ್ಲವರ ಮನೆಗಳಲ್ಲಿ ಮೂತಿ ಚಪ್ಪಟೆಯಾಗುವ ಗುಂಡಿಗೆ ಬೇರೆ ಹೆಸರೇನಾದರೂ ಇದ್ದರೆ, ನಾನು ಕಟ್ಟಿದ ಪದವನ್ನು ಬಿಟ್ಟು ಅದನ್ನೇ ಬಳಸುತ್ತೇನೆ.